ಜೋಗಪ್ಪ ಪರಂಪರೆ ಮತ್ತು ಸಾಕ್ಷ್ಯಚಿತ್ರದ ಪೂರ್ವಗ್ರಹ

ಸಾಕ್ಷ್ಯಚಿತ್ರಕ್ಕೆ ದಾಖಲೆಯೆಂಬ ಗೌರವವಿರುವುದರಿಂದಲೇ ಅದರ ಪೂರ್ವಗ್ರಹ ಸುಲಭವಾಗಿ ಗೋಚರಿಸದು. ಎಲ್ಲಮ್ಮನ ಆರಾಧನಾ ಪರಂಪರೆಯ ಚಿತ್ರೀಕರಣ ಇದಕ್ಕೆ ನಿದರ್ಶನ. ದೇವದಾಸಿಯರನ್ನು ಕುರಿತು ಬೀಬನ್ ಕಿಡ್ರಾನ್ ನಿರ್ದೇಶಿಸಿ, 2011ರಲ್ಲಿ ಬಿಬಿಸಿಯಲ್ಲಿ ಪ್ರಸಾರವಾದ ಚಿತ್ರದ ಹೆಸರು 'ಸೆಕ್ಸ್, ಡೆತ್ ಅಂಡ್ ದ ಗಾಡ್ಸ್'. ಕಾಮ, ಸಾವುಗಳನ್ನು ಮುಂದಿಟ್ಟು ದೈವವನ್ನು ಕೊನೆಗಿರಿಸುವ ಈ ಶೀರ್ಷಿಕೆ, ಮೊದಲ ದೃಶ್ಯಕ್ಕೂ ಮುನ್ನವೇ ಪ್ರೇಕ್ಷಕರ ನಿರೀಕ್ಷೆಯನ್ನು ರೂಪಿಸುತ್ತದೆ.

ಅದೇ ದೇವಿಗೆ ಮುತ್ತು ಕಟ್ಟಿಸಿಕೊಂಡು ಸೀರೆಯುಡುವ ಜೋಗಪ್ಪಗಳನ್ನೂ ಇಂತಹ ಚೌಕಟ್ಟಿನಲ್ಲಿ ನೋಡಿದಾಗ ಕ್ಯಾಮರಾ ದೇಹದ ಮೇಲೆಯೇ ನಿಲ್ಲುತ್ತದೆ. ಚೌಡಿಕೆ, ಶ್ರುತಿ, ಪದಗಳು ಹಿನ್ನೆಲೆ ಸಂಗೀತವಾಗುತ್ತವೆ. ಮಂಜಮ್ಮ ಜೋಗತಿಯವರ ಬದುಕು ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಕಾಳವ್ವ ಜೋಗತಿಯವರ ಬಳಿ ಕಲೆಯನ್ನು ಕಲಿತ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಅವರನ್ನು ಕೇವಲ ಯಾತನೆಯ ಉದಾಹರಣೆಯಾಗಿಸಿದರೆ ಗುರು-ಶಿಷ್ಯ ಪರಂಪರೆಯೇ ಅದೃಶ್ಯವಾಗುತ್ತದೆ. ಹಾಗೆಂದು, ಬಡತನ ಬಹಿಷ್ಕಾರಗಳನ್ನು ಮರೆಮಾಚಿ ಪ್ರಶಸ್ತಿಯನ್ನಷ್ಟೇ ತೋರಿಸುವ ಚಿತ್ರವೂ ಏಕಪಕ್ಷೀಯವೇ.

ನಾಳಿನ ಸಂಶೋಧಕರಿಗೆ ಈ ಚಿತ್ರಗಳೇ ಆಕರ. ಆದುದರಿಂದ ತುಂಡರಿಸದ ಹಾಡು, ಕಲಾವಿದರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು, ಉತ್ತರದೊಂದಿಗೆ ಅದನ್ನು ಹೊರಡಿಸಿದ ಪ್ರಶ್ನೆ, ಈ ಮೂರೂ ದಾಖಲಾಗುವುದು ಅವಶ್ಯ. ಪ್ರಶ್ನೆಯನ್ನು ಕತ್ತರಿಸಿದ ದಾಖಲೆ ಅರ್ಧಸತ್ಯವಷ್ಟೇ.