ಗುಪ್ತಪದ ಮಾನಕದ ಪಾಠಾಂತರಗಳು: ಒಂದು ವಿಮರ್ಶೆ

ಮಾನಕಗ್ರಂಥಗಳನ್ನು ವಿಮರ್ಶೆಗೆ ಒಳಪಡಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಅವು ಪಾಲಿಸತಕ್ಕವೇ ಹೊರತು ಓದತಕ್ಕವಲ್ಲ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಅಂಥ ಗ್ರಂಥವೊಂದರ ಆವೃತ್ತಿಗಳನ್ನು ಎದುರಿಗಿಟ್ಟುಕೊಂಡು, ಹಳೆಯ ಕಾವ್ಯದ ಪಾಠಾಂತರಗಳನ್ನು ಪರಿಶೀಲಿಸುವಂತೆ ಪರಿಶೀಲಿಸಿದರೆ, ಒಂದು ಶಾಸ್ತ್ರವು ತನ್ನ ಆಧಾರಗಳನ್ನು ಎಲ್ಲಿ ಪಡೆದುಕೊಂಡಿತು, ಎಲ್ಲಿ ಊಹಿಸಿಕೊಂಡಿತು ಎಂಬುದು ಗೋಚರವಾಗುತ್ತದೆ. ನಿಸ್ಟ್ ಎಂದು ಪ್ರಸಿದ್ಧವಾದ ಅಮೆರಿಕದ ಮಾನಕಸಂಸ್ಥೆಯು 2004ರಲ್ಲಿ ಹೊರತಂದ 800-63ನೆಯ ವಿಶೇಷ ಪ್ರಕಟಣೆ ಇದಕ್ಕೆ ತಕ್ಕ ಉದಾಹರಣೆ. ಅಲ್ಲಿಯ ಫೆಡರಲ್ ಇಲಾಖೆಗಳಿಗೆಂದು ಬರೆದ ಈ ಪುಸ್ತಕದ ಅನುಬಂಧವೊಂದು, ಪಾಸ್‌ವರ್ಡ್ ಅಥವಾ ಗುಪ್ತಪದ ಹೇಗಿರಬೇಕೆಂಬ ವಿಷಯದಲ್ಲಿ ಜಗತ್ತಿನ ಕಚೇರಿಗಳಿಗೆಲ್ಲ ಸ್ಮೃತಿಯಾಗಿ ಪರಿಣಮಿಸಿತು.

ಅನುಬಂಧದ ಲೆಕ್ಕ ಸರಳವಾದುದು. ಜನರು ತಾವೇ ಆರಿಸಿಕೊಂಡ ಗುಪ್ತಪದದ ಮೊದಲ ಅಕ್ಷರಕ್ಕೆ 4 ಬಿಟ್ ಎಂಟ್ರೊಪಿ, ಮುಂದಿನ ಏಳಕ್ಕೆ ಎರಡೆರಡು, ಒಂಬತ್ತರಿಂದ ಇಪ್ಪತ್ತರವರೆಗೆ ಒಂದೂವರೆ, ಅಲ್ಲಿಂದಾಚೆಗೆ ಒಂದೊಂದು. ದೊಡ್ಡಕ್ಷರವನ್ನೂ ಅಂಕಿ ಮೊದಲಾದ ಚಿಹ್ನೆಗಳನ್ನೂ ಕಡ್ಡಾಯಮಾಡಿದರೆ 6 ಬಿಟ್ ಹೆಚ್ಚುವರಿ. ಹೀಗೆ ಎಂಟಕ್ಷರದ ಪದಕ್ಕೆ 18 ಬಿಟ್ ಇದ್ದುದು ನಿಯಮದ ಬಲದಿಂದ 24 ಆಗುತ್ತದೆ. ನಮ್ಮನ್ನೆಲ್ಲ ಇಷ್ಟು ವರ್ಷ ಪೀಡಿಸಿದ "ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ" ಎಂಬ ಕಟ್ಟಳೆಗೆ ಪ್ರಾಮಾಣ್ಯ ದೊರೆತದ್ದು ಬಹುಮಟ್ಟಿಗೆ ಈ ಆರು ಬಿಟ್‌ಗಳಿಂದ.

ಈ ಸಂಖ್ಯೆಗಳ ಮೂಲವೇನು? ಕ್ಲಾಡ್ ಶಾನನ್ 1951ರಲ್ಲಿ ಅಚ್ಚಿನ ಇಂಗ್ಲಿಷಿನ ಎಂಟ್ರೊಪಿಯನ್ನು ಕುರಿತು ಪ್ರಕಟಿಸಿದ ಪ್ರಬಂಧ. ಜೆಫರ್ಸನ್ನನ ಜೀವನಚರಿತ್ರೆಯೊಂದರಿಂದ ವಾಕ್ಯಭಾಗಗಳನ್ನು ತೆಗೆದು, ಮುಂದಿನ ಅಕ್ಷರವೇನಿರಬಹುದೆಂದು ಓದುಗನಿಂದ ಊಹೆ ಮಾಡಿಸಿದ ಪ್ರಯೋಗ ಅದು. ಶಾನನ್ನನ ಪ್ರಬಂಧದಲ್ಲಿ ದೋಷವಿಲ್ಲ. ಅದನ್ನು ಇಲ್ಲಿಗೆ ತಂದದ್ದರಲ್ಲಿ ಇದೆ. ಗುಪ್ತಪದವು ಗದ್ಯದ ತುಣುಕಲ್ಲ. ಅದನ್ನು ಕದಿಯುವವನು ಅಕ್ಷರಕ್ಷರವಾಗಿ ಊಹಿಸುವುದಿಲ್ಲ. ಜನ ಹೆಚ್ಚಾಗಿ ಇಟ್ಟುಕೊಳ್ಳುವ ಪದಗಳನ್ನೇ ಮೊದಲು, ಇಡಿಯಾಗಿ, ಪ್ರಯತ್ನಿಸುತ್ತಾನೆ. ಅನುಬಂಧವನ್ನು ಬರೆದವರಿಗೆ ಇದು ತಿಳಿಯದಿರಲಿಲ್ಲ. ಜನರು ಆರಿಸಿದ ಪದಗಳ ಸಾಕಷ್ಟು ಸಾಮಗ್ರಿ ತಮಗೆ ದೊರೆತಿಲ್ಲ, ಇದು ಸ್ಥೂಲವಾದ ಅಂದಾಜು ಎಂದು ಅವರು ಅಲ್ಲಿಯೇ ಹೇಳಿದ್ದಾರೆ. ಸಂಖ್ಯೆಗಳು ದೇಶದೇಶಗಳಿಗೆ ಹೋದುವು, ಶಂಕೆ ಅನುಬಂಧದಲ್ಲಿಯೇ ಉಳಿಯಿತು.

ಆದರೂ ಒಂದು ಆಕ್ಷೇಪಕ್ಕೆ ಎಡೆಯುಂಟು. ಸಾಮಗ್ರಿಯನ್ನು ನೇರವಾಗಿ ಪರೀಕ್ಷಿಸುವ ವಿಧಾನ ಆಗ ಹೊಸದೇನೂ ಆಗಿರಲಿಲ್ಲ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿಯೇ 3289 ಗುಪ್ತಪದಗಳನ್ನು ಸಂಗ್ರಹಿಸಿ, ಅವುಗಳಲ್ಲಿ 2831, ಎಂದರೆ ನೂರಕ್ಕೆ 86ರಷ್ಟು, ತೀರ ಗಿಡ್ಡವಾದುವು ಇಲ್ಲವೆ ನಿಘಂಟು ಮತ್ತು ಹೆಸರುಗಳ ಪಟ್ಟಿಗಳಲ್ಲಿ ಸಿಕ್ಕುವಂಥವು ಎಂದು ತೋರಿಸಿದ್ದರು. ಆ ದಾರಿಯನ್ನು ಮುಂದುವರಿಸುವ ಕಷ್ಟಕ್ಕಿಂತ ಸೂತ್ರವೊಂದನ್ನು ಎರವಲು ಪಡೆಯುವುದು ಸುಲಭವಾಗಿ ಕಂಡಿರಬೇಕು.

ಸಾಮಗ್ರಿ ಕೊನೆಗೆ ದೊರೆತದ್ದು ಕಳ್ಳರ ಕೃಪೆಯಿಂದ. 2009ರ ಡಿಸೆಂಬರಿನಲ್ಲಿ ರಾಕ್‌ಯೂ ಸಂಸ್ಥೆಯಿಂದ 3 ಕೋಟಿ 20 ಲಕ್ಷಕ್ಕೂ ಹೆಚ್ಚು ಗುಪ್ತಪದಗಳು ಸೋರಿಹೋದುವು. ಮ್ಯಾಟ್ ವೇರ್ ಮತ್ತು ಸಂಗಡಿಗರು 2010ರಲ್ಲಿ ಅವುಗಳನ್ನೂ ಬಳಸಿಕೊಂಡು, ನಿಸ್ಟ್‌ನ ಎಂಟ್ರೊಪಿ ಪದದ ನಿಜವಾದ ಬಲವನ್ನು ಅಳೆಯುವುದಿಲ್ಲವೆಂದು ಸಿದ್ಧಪಡಿಸಿದರು. ದೊಡ್ಡಕ್ಷರ ಬೇಕೆಂದರೆ ಜನ ಅದನ್ನು ಮೊದಲಿಗಿಡುತ್ತಾರೆ. ಅಂಕಿಯನ್ನು ಕೊನೆಗೆ ಅಂಟಿಸುತ್ತಾರೆ. ಅದೇ ವರ್ಷ ಜಾಂಗ್, ಮನ್‌ರೋಸ್ ಮತ್ತು ರೈಟರ್ ಅವರು ನಾರ್ತ್ ಕ್ಯಾರೊಲಿನ ವಿಶ್ವವಿದ್ಯಾನಿಲಯದ 7700ಕ್ಕೂ ಮಿಕ್ಕ ಖಾತೆಗಳನ್ನು ಪರೀಕ್ಷಿಸಿದರು. ಹಳೆಯ ಪದ ತಿಳಿದಿದ್ದರೆ ನೂರಕ್ಕೆ 41ರಷ್ಟು ಸಂದರ್ಭಗಳಲ್ಲಿ ಹೊಸದನ್ನು ಕೆಲವೇ ಸೆಕೆಂಡುಗಳಲ್ಲಿ ಒಡೆಯಲು ಸಾಧ್ಯವಾಯಿತು. ನೂರಕ್ಕೆ 17ರಷ್ಟು ಖಾತೆಗಳಿಗೆ ಐದು ಊಹೆಗಳೂ ಬೇಕಾಗಲಿಲ್ಲ. ಕಾಲಕಾಲಕ್ಕೆ ಪದವನ್ನು ಬದಲಿಸಬೇಕೆಂಬ ವಿಧಿಯ ಫಲ ಇಷ್ಟು.

2017ರ ಆವೃತ್ತಿ ಈ ಎರಡು ಕಟ್ಟಳೆಗಳನ್ನೂ ಕೈಬಿಟ್ಟು, ಸೋರಿಹೋದ ಪದಗಳ ಪಟ್ಟಿಯೊಡನೆ ಹೋಲಿಸಿ ನೋಡಬೇಕೆಂದಿತು. ಆದರೆ ಕಟ್ಟಳೆಗಳನ್ನು ವಿಧಿಸದಿರುವುದು ಲೇಸೆಂದಷ್ಟೇ ಅದರ ಧಾಟಿ. 2025ರ ಆವೃತ್ತಿಯಲ್ಲಿ ಅದು "ವಿಧಿಸತಕ್ಕದ್ದಲ್ಲ" ಎಂಬ ನಿಷೇಧವಾಗಿದೆ. ಈ ಒಂದು ಕ್ರಿಯಾಪದದ ಬದಲಾವಣೆಗೆ ಎಂಟು ವರ್ಷ ಹಿಡಿಯಿತು. ಈ ನಡುವೆ, 2022ರಲ್ಲಿ ಹೊರಬಂದ ಪಾವತಿ ಕಾರ್ಡುಗಳ ಮಾನಕವು, ಗುಪ್ತಪದವೊಂದೇ ಕಾವಲಾಗಿರುವಲ್ಲಿ, 90 ದಿನಗಳಿಗೊಮ್ಮೆ ಬದಲಿಸುವ ಪದ್ಧತಿಯನ್ನು ಎರಡು ಮಾರ್ಗಗಳಲ್ಲಿ ಒಂದಾಗಿ ಉಳಿಸಿಕೊಂಡಿತು. ಮೂಲ ಅನುಬಂಧದ ಕರ್ತೃಗಳಲ್ಲೊಬ್ಬರಾದ ಬಿಲ್ ಬರ್ 2017ರಲ್ಲಿ ವಿಷಾದ ವ್ಯಕ್ತಪಡಿಸಿದಾಗ ಪತ್ರಿಕೆಗಳು ತಪ್ಪನ್ನೆಲ್ಲ ಅವರ ತಲೆಗೇ ಕಟ್ಟಿದುವು. ಇದು ನ್ಯಾಯವಲ್ಲ. ಅಂದಾಜೆಂದು ಬರೆದುದನ್ನು ಆಜ್ಞೆಯೆಂದು ಓದಿದವರ ಪಾಲೂ ಇದರಲ್ಲಿದೆ.

ಹೊಸ ಪಾಠವೂ ವಿಮರ್ಶೆಗೆ ಅತೀತವಲ್ಲ. ಗುಪ್ತಪದವೊಂದೇ ಕಾವಲಾಗಿದ್ದರೆ ಅದು 15 ಅಕ್ಷರಗಳಿಗೆ ಕಡಮೆಯಿರಬಾರದೆಂದು 2025ರ ವಿಧಿ. ಆದರೆ ಇಲ್ಲಿ ಅಕ್ಷರವೆಂದರೆ ಯೂನಿಕೋಡಿನ ಒಂದು ಸಂಕೇತಬಿಂದು, ನಮ್ಮ ವ್ಯಾಕರಣದ ಅಕ್ಷರವಲ್ಲ. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೆ ಆರು ಬಿಂದುಗಳು. "ಸ್ವಾತಂತ್ರ್ಯೋತ್ಸವ" ಎಂಬ ಐದಕ್ಷರದ ಪದದಲ್ಲಿ ಹದಿನಾರು. ಶಾಲೆಯ ಮಗುವಿಗೂ ತಿಳಿದ ಈ ಪದ ಉದ್ದದ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ವಿರಾಮಚಿಹ್ನೆಯಾದ ಹಲಂತದ ಮುಂದೆ ವ್ಯಂಜನವೇ ಬರುವುದು ವಾಡಿಕೆಯಾದುದರಿಂದ ಅಲ್ಲಿ ಊಹೆ ಸುಲಭ. ಬಿಂದುಗಳು ಹೆಚ್ಚಿದಷ್ಟು ಬಲ ಹೆಚ್ಚುವುದಿಲ್ಲ. ತಡೆಪಟ್ಟಿಯಲ್ಲಿ ಕನ್ನಡ ಪದಗಳಿಲ್ಲದಿದ್ದರೆ ಇದನ್ನು ಹಿಡಿಯುವವರೂ ಇಲ್ಲ. ಇನ್ನೊಂದು ತೊಡಕು: ಓತ್ವದ ಚಿಹ್ನೆಯನ್ನು ಒಂದು ಬಿಂದುವಾಗಿಯೂ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ಆಗ ಅದೇ ಪದದ ಎಣಿಕೆ ಹದಿನೆಂಟಾಗುತ್ತದೆ. ಇವನ್ನು ಏಕರೂಪಕ್ಕೆ ತರುವ ಸಲಹೆ 2017ರ ಪಾಠದಲ್ಲಿಯೇ ಇದ್ದರೂ, ಕೂಡಿಸಿದ ರೂಪವೋ ಬಿಡಿಸಿದ ರೂಪವೋ ಎಂಬ ಆಯ್ಕೆಯನ್ನು ಅದು ಯಂತ್ರ ನಿರ್ಮಿಸುವವನಿಗೆ ಬಿಟ್ಟಿತು. ಅವನು ಆ ಸಲಹೆಯನ್ನೇ ಕಡೆಗಣಿಸಿದಲ್ಲಿ, ಒಂದು ಯಂತ್ರದಿಂದ ಒಪ್ಪಿತವಾದ ಕನ್ನಡ ಪದ ಇನ್ನೊಂದರಿಂದ ಬಂದಾಗ ತಪ್ಪೆಂದು ತಿರಸ್ಕೃತವಾಗುತ್ತದೆ.