ಬರೆದವನ ಪಾಲಿನ ನಾಲ್ಕು ಚೀಲ

ನಮ್ಮಲ್ಲಿ ಕಾದಂಬರಿಯ ವಿಮರ್ಶೆ ನಡೆಯುತ್ತದೆ, ಕಾವ್ಯದ ವಿಮರ್ಶೆ ನಡೆಯುತ್ತದೆ. ಅವು ಅಚ್ಚಾಗುವ ಮುನ್ನ ಲೇಖಕನು ಸಹಿ ಹಾಕುವ ಕರಾರುಪತ್ರವನ್ನು ಮಾತ್ರ ಯಾರೂ ವಿಮರ್ಶಿಸುವುದಿಲ್ಲ. ಅದೂ ಗದ್ಯವೇ, ಪುಸ್ತಕದ ಹಣೆಬರಹ ಬರೆಯುವ ಗದ್ಯ. ನಾನಾದರೂ ಅದನ್ನು ಲಕ್ಷ್ಯವಿಟ್ಟು ಓದಿದ್ದು ಸಿದ್ದಾಪುರಕ್ಕೆ ಹೋಗಿ ಬಂದ ಮೇಲೆ.

ಕೊಪ್ಪಳ ಜಿಲ್ಲೆಯ ಸಿದ್ದಾಪುರ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಊರು. ಅಲ್ಲಿಯ ಶಾಲೆಯೊಂದರ ಸಮಾರಂಭದಲ್ಲಿ ಗಳಗನಾಥರನ್ನು ಕುರಿತು ಮಾತನಾಡಲು ನನ್ನನ್ನು ಕರೆದಿದ್ದರು. ವಿಜಯನಗರದ ಉದಯವನ್ನು ಹೇಳುವ ‘ಮಾಧವ ಕರುಣಾವಿಲಾಸ’, ಅದರ ಪತನವನ್ನು ಹೇಳುವ ‘ಕನ್ನಡಿಗರ ಕರ್ಮಕಥೆ’ — ಇವುಗಳ ಮಾತಾಡಲು ಆನೆಗೊಂದಿಯ ನೆರೆಯ ಸೀಮೆಗಿಂತ ತಕ್ಕ ಸ್ಥಳ ಯಾವುದು?

ಕೃತಿಗಳಿಗಿಂತ ಹೆಚ್ಚಾಗಿ ಸಭಿಕರ ಮನಸ್ಸನ್ನು ತಟ್ಟಿದ್ದು ಅವುಗಳ ಕರ್ತೃವಿನ ಬದುಕು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು, ಊರೂರು ತಿರುಗಿ, ಮನೆಯ ಬಾಗಿಲಲ್ಲಿ ನಿಂತು ಮಾರಿದವರು. ಕನ್ನಡ ಓದುಗರ ಒಂದು ಪೀಳಿಗೆ ತಯಾರಾದದ್ದು ಈ ಕಾಲ್ನಡಿಗೆಯಿಂದ ಎಂದರೆ ಅತಿಶಯೋಕ್ತಿಯಾಗಲಾರದು.

ಭಾಷಣ ಮುಗಿದೊಡನೆ ಮೇಷ್ಟರೊಬ್ಬರು, “ಸರ್, ನಿಮ್ಮ ಪುಸ್ತಕಾನೂ ತಂದಿರಬೇಕಲ್ಲ?” ಎಂದರು. ನಾನು ತಂದಿರಲಿಲ್ಲ. ನನ್ನ ಪ್ರಬಂಧ ಸಂಗ್ರಹದ ಪ್ರಕಾಶಕರು ಇಡೀ ಆವೃತ್ತಿಯನ್ನು ಒಬ್ಬ ಸೋಲ್ ಏಜೆಂಟರಿಗೆ ವಹಿಸಿದ್ದರು. ಲೇಖಕನು ಯಾವ ಪ್ರತಿಯನ್ನೂ ನೇರವಾಗಿ ಮಾರತಕ್ಕದ್ದಲ್ಲವೆಂದು ಕರಾರಿನಲ್ಲಿತ್ತು. ಆ ಏಜೆಂಟರ ಪುಸ್ತಕ ಗಂಗಾವತಿಯವರೆಗೂ ಬಂದಿರಲಿಲ್ಲ. ಇದನ್ನು ವಿವರಿಸುವಾಗ ನನಗೇ ನಾಚಿಕೆಯಾಯಿತು. ಗಳಗನಾಥರ ನಡಿಗೆಯನ್ನು ಒಂದು ಗಂಟೆ ಹೊಗಳಿದವನು ಬರಿಗೈಯಲ್ಲಿ ನಿಂತಿದ್ದೆ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ರೈತರೊಬ್ಬರು ನಕ್ಕರು: “ನಮ್ದೂ ಹಂಗ ಐತ್ರಿ. ಬೀಜ, ಗೊಬ್ಬರ ಉದ್ರಿ ತಂದ ಅಂಗಡಿಗೇ ಸುಗ್ಯಾಗ ಭತ್ತ ಹಾಕಬೇಕು. ಆದ್ರ ಮನಿಗೆ ಉಣ್ಣಾಕ ನಾಕು ಚೀಲ ಇಟ್ಕೊಂಡ್ರ ಅವ್ರೂ ಬ್ಯಾಡ ಅನ್ನಂಗಿಲ್ರಿ. ನಿಮಗ ಅದೂ ಇಲ್ಲೇನ್ರಿ?”

ಆ ರಾತ್ರಿ ಮನೆಗೆ ಬಂದು ಕರಾರುಪತ್ರವನ್ನು ತೆಗೆದೆ. ಅದರ ಶೈಲಿಯೇ ವಿಚಿತ್ರ. ಲೇಖಕನ ಕರ್ತವ್ಯಗಳೆಲ್ಲ ‘ತಕ್ಕದ್ದು’, ‘ಕೂಡದು’ ಎಂಬ ಖಚಿತ ಕ್ರಿಯಾಪದಗಳಲ್ಲಿವೆ. ಪ್ರಕಾಶಕರವು ‘ಸಾಧ್ಯವಾದಷ್ಟು’, ‘ಅನುಕೂಲವಿದ್ದಲ್ಲಿ’ ಎಂಬ ಮೃದು ಮಾತುಗಳಲ್ಲಿ. ನಾನು ಮಾರಕೂಡದು, ಅವರು ಸಾಧ್ಯವಾದಷ್ಟು ಮಾರುವರು! ಇಂಥ ಏಕಪಕ್ಷದ ಸಂಭಾಷಣೆ ನಾಟಕದಲ್ಲಿ ಬಂದಿದ್ದರೆ ವಿಮರ್ಶಕನಾಗಿ ನಾನು ಸುಮ್ಮನಿರುತ್ತಿದ್ದೆನೆ? ಓದದೆ ಸಹಿ ಹಾಕಿದ ತಪ್ಪು ನನ್ನದೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕಾಯ್ದೆ ಇಷ್ಟು ಕಠಿಣವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಹಕ್ಕು ವಹಿಸಿಕೊಡುವ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷವೆಂದು ಎಣಿಕೆ. ಹಕ್ಕು ಪಡೆದವರು 1 ವರ್ಷದೊಳಗೆ ಅದನ್ನು ಚಲಾಯಿಸದಿದ್ದರೆ ಹಕ್ಕು ಬಿದ್ದುಹೋಗುತ್ತದೆ. ಆದರೆ ‘ಪತ್ರದಲ್ಲಿ ಬೇರೆ ರೀತಿ ಹೇಳಿರದಿದ್ದರೆ’ ಎಂಬ ಬಾಲವೊಂದು ಅದಕ್ಕಿದೆ. ಬೇರೆ ರೀತಿ ಹೇಳುವ ಲೇಖಣಿ ಯಾರ ಕೈಯಲ್ಲಿರುತ್ತದೆಂಬುದು ಎಲ್ಲರಿಗೂ ಗೊತ್ತು. ಇನ್ನೊಂದು ವಿನೋದವನ್ನು ನೋಡಿ. ಒಮ್ಮೆ ಮಾರಾಟವಾದ ಪ್ರತಿಯನ್ನು ಕೊಂಡವನು ಮತ್ತೆ ಮಾರಲು ಈ ಕಾಯ್ದೆಯ ಅಡ್ಡಿಯಿಲ್ಲ. ಹಳೆಯ ಪುಸ್ತಕದಂಗಡಿಗಳು ಬದುಕಿರುವುದು ಆ ನೆರಳಿನಲ್ಲೇ. ಹೀಗಾಗಿ ನನ್ನ ಪುಸ್ತಕವನ್ನು ಲೋಕದಲ್ಲಿ ಯಾರು ಬೇಕಾದರೂ ಮಾರಬಹುದು, ಅದನ್ನು ಬರೆದವನೊಬ್ಬನನ್ನು ಬಿಟ್ಟು!

ಹೊಸ ಕಾಲದ ಯಂತ್ರಗಳು ಈ ಬೇಲಿಯನ್ನು ಕಿತ್ತಿಲ್ಲ. ಅಮೆಜಾನ್ ಸಂಸ್ಥೆಯ ‘ಕೆಡಿಪಿ ಸೆಲೆಕ್ಟ್’ ಯೋಜನೆಗೆ ಸೇರಿದ ಲೇಖಕ, 90 ದಿನಗಳ ಅವಧಿ ಮುಗಿಯುವವರೆಗೆ ಆ ಕೃತಿಯ ಇ-ಪುಸ್ತಕವನ್ನು ತನ್ನ ಸ್ವಂತ ಜಾಲತಾಣದಲ್ಲೂ ಮಾರುವಂತಿಲ್ಲ. ಅಚ್ಚಿನ ಪ್ರತಿಗೆ ಮಾತ್ರ ಆ ಕಟ್ಟಿಲ್ಲ. ಅಲ್ಲಿ ಅವಧಿಯಾದರೂ ನಿಶ್ಚಿತ. ನನ್ನ ಕರಾರಿನ ಬೇಲಿಗೆ ಕೊನೆಯ ಗೂಟವೇ ಇಲ್ಲ.

ಪ್ರಕಾಶಕರ ಪಕ್ಷದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಕಾಗದ, ಅಚ್ಚು, ರಟ್ಟು ಎಲ್ಲಕ್ಕೂ ಬಂಡವಾಳ ಹಾಕುವವರು ಅವರು. ಲೇಖಕನೇ ಸೋಡಿ ದರಕ್ಕೆ ಮಾರತೊಡಗಿದರೆ ಅಂಗಡಿಯವನು ಪುಸ್ತಕವನ್ನು ಏಕೆ ಇಟ್ಟಾನು? 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿ ಮನೆಮನೆಗೆ ಪುಸ್ತಕ ಮುಟ್ಟಿಸಿತು. ಅಂಥ ಪ್ರಕಾಶಕರು ಸಿಕ್ಕಿದಲ್ಲಿ ಲೇಖಕನು ಚೀಲ ಹೊರುವ ಅಗತ್ಯವೇ ಇಲ್ಲ. ಇನ್ನು ಕೆಲವರು ಬೇರೆ ದಾರಿ ಹಿಡಿದರು: ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯವನ್ನು ನಡೆಸಿದರು, ಕುವೆಂಪು ಅವರಿಗೆ ಮೈಸೂರಿನ ಉದಯರವಿ ಇತ್ತು, ತೇಜಸ್ವಿ ‘ಪುಸ್ತಕ ಪ್ರಕಾಶನ’ವನ್ನು ಕಟ್ಟಿದರು. ದೊಡ್ಡವರಿಗೆ ಅದು ಸಾಧ್ಯವಾಯಿತು. ಮೊದಲ ಪುಸ್ತಕದ ಹಸ್ತಪ್ರತಿ ಹಿಡಿದು ನಿಂತ ಕೊಪ್ಪಳ ಜಿಲ್ಲೆಯ ತರುಣನಿಗೆ ‘ನೀನೇ ಪ್ರಕಾಶಕನಾಗು’ ಎನ್ನುವುದು ಉಪದೇಶವಾದೀತೇ ಹೊರತು ಉಪಾಯವಾಗದು.

ಆದ್ದರಿಂದ ನಾನು ಕೇಳುವುದು ಏಕಸ್ವಾಮ್ಯದ ರದ್ದತಿಯನ್ನಲ್ಲ, ಆ ರೈತರು ಹೇಳಿದ ನಾಲ್ಕು ಚೀಲವನ್ನು. ಅಂಗಡಿಯ ರಿಯಾಯಿತಿಯಲ್ಲೇ ಲೇಖಕನು ಇಂತಿಷ್ಟು ಪ್ರತಿಗಳನ್ನು ಹಣ ಕೊಟ್ಟು ಪಡೆಯಲಿ. ಅಚ್ಚು ಹಾಕಿದ ಬೆಲೆಗೇ, ಸಭೆಯಲ್ಲಿ, ಜಾತ್ರೆಯಲ್ಲಿ, ಶಾಲೆಯಲ್ಲಿ ಮಾರಲಿ. ದಾಸ್ತಾನು ಮುಗಿದೂ ಮರುಮುದ್ರಣವಾಗದಿದ್ದರೆ ಗೊತ್ತಾದ ಕಾಲದೊಳಗೆ ಹಕ್ಕು ಅವನಿಗೆ ಮರಳಲಿ. ಪ್ರಕಾಶಕರ ಕೈ ಎಲ್ಲಿಯವರೆಗೆ ಚಾಚುವುದೋ ಅಲ್ಲಿಯವರೆಗೆ ಅವರ ಹಕ್ಕು ನ್ಯಾಯವಾದದ್ದು. ಅದರಾಚೆಗೂ ಲೇಖಕನ ಕೈ ಕಟ್ಟಿದರೆ ಪ್ರಕಾಶಕರಿಗೆ ಲಾಭವಿಲ್ಲ, ಓದುಗನಿಗೆ ಮಾತ್ರ ನಷ್ಟ.

ಆ ಮೇಷ್ಟರಿಗೆ ನನ್ನ ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದೆ. ಅವರು ಕೂಡಲೇ ಹಣ ಕಳಿಸಿದರು. ಕರಾರಿಗೆ ಅಂಜಿ ಅದನ್ನು ಹಿಂದಿರುಗಿಸಿದೆ. ಅವರಿಗೆ ಬೇಸರವಾಯಿತು, ಕೊಂಡು ಓದುವುದು ತಮ್ಮ ಮರ್ಯಾದೆ ಎಂದು ಬರೆದರು. ಅಂಥ ಓದುಗನ ಮರ್ಯಾದೆಯನ್ನು ಉಳಿಸಲಾರದ ಕರಾರಿಗೆ ಇನ್ನೊಮ್ಮೆ ನಾನು ಸಹಿ ಹಾಕಲಾರೆ.