ಪಟ್ಟಿಯ ಉದ್ದವೂ ಬರಹದ ತೂಕವೂ

"ಎಷ್ಟು ಪ್ರಬಂಧ ಪ್ರಕಟವಾಗಿವೆಯಪ್ಪ?" ಸಂಶೋಧನೆಗೆ ಸೇರಿದ ಮಕ್ಕಳನ್ನು ಸಂಘದ ಸಮಾರಂಭಗಳಲ್ಲಿ ನಾವು ಮೊದಲು ಕೇಳುವ ಮಾತು ಇದೇ. ಈ ಪ್ರಶ್ನೆ ಎಷ್ಟು ಪೊಳ್ಳೆಂಬುದನ್ನು ತಿಳಿಯಲು ಕೇಂಬ್ರಿಜ್‌ನ ಕರೆನ್ ಸ್ಪಾರ್ಕ್ ಜೋನ್ಸ್ (1935-2007) ಅವರ ಬರಹಗಳತ್ತ ನೋಡಬೇಕು.

ಮನುಷ್ಯರ ಭಾಷೆಯನ್ನು ಕಂಪ್ಯೂಟರಿಗೆ ಒಗ್ಗಿಸುವ ಶಾಸ್ತ್ರ ಆಕೆಯದು. ಸಮಾನಾರ್ಥಕ ಪದಗಳ ವರ್ಗೀಕರಣವನ್ನು ಕುರಿತ ಡಾಕ್ಟರೇಟ್ ಪ್ರಬಂಧ 1964ರದು. ಅದು ಪುಸ್ತಕವಾಗಿ ಹೊರಬಂದದ್ದು 1986ರಲ್ಲಿ! ಪ್ರಕಟಣೆಯ ತಾರೀಖನ್ನಷ್ಟೇ ನೋಡುವವರಿಗೆ ಮುಂದೆ ನಡೆದವರೇ ಹಿಂದುಳಿದಂತೆ ತೋರುವುದುಂಟು.

ಆಕೆಯ ಕೀರ್ತಿಗೆ ಮುಖ್ಯ ಆಧಾರ, 1972ರಲ್ಲಿ 'ಜರ್ನಲ್ ಆಫ್ ಡಾಕ್ಯುಮೆಂಟೇಶನ್' ಪತ್ರಿಕೆಯಲ್ಲಿ ಬಂದ ಹತ್ತು ಹನ್ನೊಂದು ಪುಟಗಳ ಲೇಖನ. ಅದರ ಸಾರ ಸರಳ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಒಂದು ಲೇಖನ ಹುಡುಕಬೇಕೆನ್ನಿ. 'ಕನ್ನಡ' ಎಂಬ ಪದ ಪುಟಪುಟದಲ್ಲೂ ಇರುವುದರಿಂದ ಅದು ನಿಷ್ಪ್ರಯೋಜಕ. 'ಹಪ್ಪಳ' ಎಂದರೆ ಬೇಕಾದ ಪುಟ ಕೂಡಲೆ ಸಿಕ್ಕೀತು. ಹೆಚ್ಚು ಬರಹಗಳಲ್ಲಿ ಕಾಣುವ ಪದಕ್ಕೆ ಕಡಿಮೆ ತೂಕ, ವಿರಳ ಪದಕ್ಕೆ ಹೆಚ್ಚು ತೂಕ. ಮಾಹಿತಿ ಹುಡುಕುವ ಯಂತ್ರಗಳಿಗೆ ಈ ತತ್ತ್ವ ತಳಹದಿಯಾಯಿತು.

ಹಾಗೆಂದು ನಾವು ಕೊರತೆಗಳನ್ನು ಮುಚ್ಚಿಡಬೇಕಿಲ್ಲ. ಸೂತ್ರ ಫಲಿಸುತ್ತದೆಂದು ಲೇಖನ ತೋರಿಸಿತೇ ಹೊರತು, ಏಕೆ ಫಲಿಸುತ್ತದೆಂಬುದಕ್ಕೆ ಗಟ್ಟಿಯಾದ ಸಿದ್ಧಾಂತ ಕೊಡಲಿಲ್ಲ. 1976ರಲ್ಲಿ ಸ್ಟೀಫನ್ ರಾಬರ್ಟ್‌ಸನ್ ಅವರೊಡನೆ ಬರೆದ ಪ್ರಬಂಧ ಪದಗಳ ತೂಕಕ್ಕೆ ಸಂಭವನೀಯತೆಯ ಆಧಾರ ಒದಗಿಸಿತು. ಇನ್ನೊಂದು, ಪರೀಕ್ಷೆಗೆ ಬಳಸಿದ್ದು ಇಂಗ್ಲಿಷ್ ಬರಹಗಳ ಸಣ್ಣ ಸಂಗ್ರಹಗಳನ್ನು ಮಾತ್ರ. ನಮ್ಮ 'ಊರು', 'ಊರಿಗೆ', 'ಊರಿನಿಂದ' ಯಂತ್ರಕ್ಕೆ ಮೂರು ಬೇರೆ ಪದಗಳು. ಸಾಮಾನ್ಯ ಪದವೂ ವಿರಳವೆನಿಸಿ ತೂಕ ಕೆಡುತ್ತದೆ. ಪ್ರತ್ಯಯಗಳನ್ನು ಬಿಡಿಸಿಕೊಡುವುದು ಆಕೆಯ ಹೊಣೆಯಲ್ಲ, ಕನ್ನಡ ಬಲ್ಲವರ ಹೊಣೆ.

ಯಂತ್ರದ ಕೆಲಸವನ್ನು ಹೇಗೆ ಪರೀಕ್ಷಿಸಬೇಕೆಂದು ಜೂಲಿಯಾ ಗ್ಯಾಲಿಯರ್ಸ್ ಅವರೊಡನೆ 1996ರಲ್ಲಿ ಪುಸ್ತಕವನ್ನೇ ಬರೆದ ವಿದುಷಿ ಈಕೆ. ವೃತ್ತಿಯ ಬಹುಪಾಲನ್ನು ತಾತ್ಕಾಲಿಕ ಅನುದಾನಗಳ ಮೇಲೆಯೇ ಕಳೆದರು. ಪ್ರೊಫೆಸರ್ ಹುದ್ದೆ ದೊರೆತದ್ದು 1999ರಲ್ಲಿ, ಅರವತ್ತು ದಾಟಿದ ಮೇಲೆ. ಎಣಿಸುವವರಿಗೆ ತೂಗಲು ಬಾರದಿದ್ದರೆ ಆಗುವುದು ಹೀಗೆಯೇ.

ಮುಂದಿನ ಸಮಾರಂಭದಲ್ಲಿ ನಮ್ಮ ಮಕ್ಕಳನ್ನು "ಎಷ್ಟು ಬರೆದೆ?" ಎಂದು ಕೇಳದೆ, "ಏನು ಕಂಡುಕೊಂಡೆ, ನಮಗೂ ತಿಳಿಸು" ಎಂದು ಕೇಳೋಣ. ಉತ್ತರ ಕೇಳುವಷ್ಟು ಹೊತ್ತು ಕೂರೋಣ.